ಗೂಡಿಲ್ಲದ ಗೋಡೆ

ನಮ್ಮೂರಿನಲ್ಲಿ ಮಗು ಹುಟ್ಟಿದರೆ ಜನ ಮೊದಲು ನೋಡುವುದು ಅದರ ಮುಖವನ್ನಲ್ಲ, ಗೋಡೆಯನ್ನು. ನಡುಮನೆಯ ಗೋಡೆಯಲ್ಲಿ ಎಲ್ಲೋ ಒಂದು ಕಡೆ ಮಣ್ಣು ತಾನಾಗಿ ಒಳಕ್ಕೆ ಸರಿದು, ಅಂಗೈಯಗಲದ ಒಂದು ಗೂಡು ಬಿದ್ದಿರುತ್ತದೆ. ಮಗು ಬೆಳೆದ ಹಾಗೆ ಅದೂ ಬೆಳೆಯುತ್ತದೆ. ಮೊಳಕೈವರೆಗೆ ಕೈ ಹೋಗುವಷ್ಟು ಆಳವಾದ ಮೇಲೆ ನಿಲ್ಲುತ್ತದೆ. ಅವರವರ ಬಾಚಣಿಗೆ, ಎಲೆಯಡಿಕೆ ಚೀಲ, ಯಾರಿಗೂ ತೋರಿಸದ ಒಂದು ಗುಂಡಿಯೋ ಗರಿಯೋ ಅವರವರ ಗೂಡಿನಲ್ಲಿ. ಮನುಷ್ಯ ಸತ್ತರೆ ತಿಥಿಯ ಊಟ ಮುಗಿಯುವುದರೊಳಗೆ ಅವನ ಗೂಡು ಮುಚ್ಚಿಕೊಂಡು ಗೋಡೆ ಸಮವಾಗುತ್ತದೆ. ಬದುಕಿರುವವರ ಗೂಡಿಗೆ ಮಾತ್ರ ಇನ್ನೊಬ್ಬರು ಕೈ ಹಾಕುವ ಹಾಗಿಲ್ಲ. ಪ್ರತಿ ಗೂಡಿನ ಮುಂದೆಯೂ ತೊಲೆಯಿಂದ ದಾರ ಇಳಿಬಿಟ್ಟು ಒಂದು ತೆರೆ ಕಟ್ಟಿರುತ್ತಾರೆ. ಗಂಡ ಹೆಂಡತಿಯ ತೆರೆ ಸರಿಸುವುದಿಲ್ಲ, ತಾಯಿ ಮಗನ ತೆರೆ ಸರಿಸುವುದಿಲ್ಲ. ಸರಿಸಿದವರ ಮನೆಯಲ್ಲಿ ನೀರು ಕುಡಿಯಬಾರದು ಎನ್ನುತ್ತಿದ್ದಳು ನನ್ನಜ್ಜಿ.

ಓದಲು ಬೇರೆ ಊರಿಗೆ ಹೋಗಿದ್ದಾಗ ಅಲ್ಲಿನ ಗೋಡೆಗಳು ಸುಮ್ಮನೆ ಗೋಡೆಗಳಾಗಿದ್ದವು. ಜನ ಬೀರುಗಳಲ್ಲಿ ಸಾಮಾನಿಟ್ಟು ಬೀಗ ಹಾಕುತ್ತಿದ್ದರು. ಎಂ.ಎ. ಮುಗಿಸಿ ಊರಿಗೆ ಮರಳಿದಾಗ ನನ್ನ ಗೂಡು ಇನ್ನೂ ತೆರೆದೇ ಇತ್ತು. ಅದನ್ನು ಹೇಳಿದಾಗ ಅಪ್ಪ ಏನೂ ವಿಶೇಷವಿಲ್ಲದ ವಿಷಯವೆಂಬಂತೆ ತಲೆಯಾಡಿಸಿ ಹೊರಗೆ ಹೋದ. ನಾನು ಅದರೊಳಗೆ ಕೈಯಿಟ್ಟುಕೊಂಡು ತುಂಬಾ ಹೊತ್ತು ನಿಂತಿದ್ದೆ. ಕೈಯ ಸುತ್ತ ಒಂದು ತಣ್ಣನೆಯ ಮೌನವಿತ್ತು. ಬಹುಶಃ ಅವತ್ತೇ ಇರಬೇಕು, ಗೂಡಿಲ್ಲದವರ ಬಗ್ಗೆ ನಾನು ಯೋಚಿಸತೊಡಗಿದ್ದು.

ಊರಿನ ತುದಿಯಲ್ಲಿ ಮಕ್ಕಳ ಮನೆ ಇದೆ. ಹೆತ್ತವರು ಇಲ್ಲದ, ಇದ್ದೂ ಇಲ್ಲದ ಮಕ್ಕಳು ಅಲ್ಲಿರುತ್ತಾರೆ. ಅದರ ಗೋಡೆಗಳು ಒಂದು ಕುಳಿಯೂ ಇಲ್ಲದೆ ನುಣ್ಣಗಿವೆ. ಮಕ್ಕಳು ತಮ್ಮ ಸಾಮಾನನ್ನು ಚಾಪೆಯ ತಲೆದಿಸೆಯಲ್ಲಿ ಚೀಲ ಮಾಡಿ ಇಟ್ಟುಕೊಳ್ಳುತ್ತಾರೆ. ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಮಕ್ಕಳಿಗೆ ಮನೆ ಹುಡುಕುವುದು, ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು, ಆಗಾಗ ಹೋಗಿ ನೋಡಿಕೊಂಡು ಬರುವುದು ನನ್ನ ಕೆಲಸ. ನಿಯಮ ಹಳೆಯದು. ದೀಪಾವಳಿ ಕಳೆದ ಮೇಲೆ ಮಗು ಹೊಸ ಮನೆಗೆ ಹೋಗುತ್ತದೆ. ಯುಗಾದಿಯ ಮುಂಚೆ ಊರೆಲ್ಲ ಮನೆಗೆ ಸುಣ್ಣ ಬಳಿಯುತ್ತಾರಲ್ಲ, ಆ ದಿನ ಮರುಳಯ್ಯ ಎಂಬ ಮುದುಕರು ಬಂದು ಗೋಡೆ ಸವರುತ್ತಾರೆ. ಗೂಡು ಬಿದ್ದಿದ್ದರೆ "ಇದೆ" ಎನ್ನುತ್ತಾರೆ, ಮಗು ಆ ಮನೆಯದು. ಬಿದ್ದಿಲ್ಲದಿದ್ದರೆ "ಇಲ್ಲ" ಎನ್ನುತ್ತಾರೆ, ನಾನು ಮಗುವಿನ ಚೀಲ ಎತ್ತಿಕೊಳ್ಳಬೇಕು. ಆ ಎರಡು ಮಾತಿನ ಹೊರತು ಅವರು ಇನ್ನೊಂದು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವರ ಕೈ ಗೋಡೆಗೆ ತಾಗುವುದಕ್ಕೂ ಬಾಯಿ ತೆರೆಯುವುದಕ್ಕೂ ನಡುವೆ ಒಂದಷ್ಟು ಹೊತ್ತಿರುತ್ತಿತ್ತು. ನನ್ನ ಕೆಲಸದ ಭಾರವೆಲ್ಲ ಇದ್ದದ್ದು ಆ ಹೊತ್ತಿನಲ್ಲಿ.

ಎಳೆಮಕ್ಕಳಿಗೆ ಗೋಡೆ ಬೇಗ ಒಲಿಯುತ್ತದೆ. ತೊಟ್ಟಿಲು ತೂಗುತ್ತಿರುವಾಗಲೇ ಮಣ್ಣು ಸರಿದದ್ದನ್ನು ಕಂಡವರಿದ್ದಾರೆ. ಹಾಗಾಗಿ ಎಲ್ಲರೂ ಕೇಳುವುದು ಹಸುಗೂಸನ್ನೇ. ಹತ್ತು ದಾಟಿದ ಮಕ್ಕಳ ಕಡೆ ನೋಡುವವರು ಕಡಿಮೆ. ನೋಡಿದರೂ ಬೀಜದ ಹೋರಿಯನ್ನು ನೋಡಿದಂತೆ ಹಲ್ಲು, ಕಾಲು, ಕೈಕೆಲಸ ನೋಡುತ್ತಾರೆ.

ಅಂಬುಜಳಿಗೆ ಆಗ ಹದಿನೈದು. ಎರಡು ಮನೆಗೆ ಹೋಗಿ ಎರಡು ಸಲ ವಾಪಸ್ ಬಂದಿದ್ದಳು. ಮೊದಲನೆಯ ಮನೆಯಲ್ಲಿ ಬರೀ ಕಾದಳು. ಎರಡನೆಯ ಮನೆಯಲ್ಲಿ ಕಾಯುವುದು ಸಾಕಾಗಿ, ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಕೂತು ಒಂದು ಚಮಚದಲ್ಲಿ ಗೋಡೆ ಕೆರೆಯತೊಡಗಿದಳು. ಕೆರೆದ ಗೂಡು ನಿಲ್ಲುವುದಿಲ್ಲ. ಬೆಳಗ್ಗೆ ಕೆರೆದದ್ದು ಸಂಜೆಗೆ ಮುಚ್ಚಿಕೊಳ್ಳುತ್ತದೆ, ಆ ಜಾಗ ಒದ್ದೆಯಾಗಿ ಉಳಿಯುತ್ತದೆ, ಅಷ್ಟೆ. ಅದು ಗೊತ್ತಿದ್ದೂ ದಿನಾ ಕೆರೆದಳು. ಆ ಮನೆಯಾಕೆ ನೆಲದ ಮೇಲಿನ ಮಣ್ಣು ನೋಡಿ ಹೆಗ್ಗಣ ಅಂದುಕೊಂಡು ಬೋನಿಟ್ಟಳು. ಬೋನಿನ ಪಕ್ಕದಲ್ಲೇ ಈ ಹುಡುಗಿ ಚಮಚದ ಸಮೇತ ಸಿಕ್ಕಳು. ಕಳ್ಳತನ ಎಂದರು. ಏನು ಕದ್ದಳು ಎಂದು ನಾನು ಕೇಳಿದಾಗ ಅವಳ ಚೀಲ ತಂದು ನನ್ನ ಮುಂದಿಟ್ಟರು. ಅವಳು ಆಮೇಲೆ ಯಾವುದಕ್ಕೂ "ಬೇಡ", "ಸಾಕು", "ಆಯ್ತು" ಈ ಮೂರರಲ್ಲಿ ಒಂದನ್ನು ಹೇಳಿ ಮುಗಿಸುತ್ತಿದ್ದಳು. ಮೂರನೆಯ ಮನೆಯಿಂದಲೂ ವಾಪಸ್ ಬಂದ ಮಗುವಿಗೆ ನಾಲ್ಕನೆಯ ಮನೆ ಹುಡುಕುವುದಿಲ್ಲ. ಹತ್ತಿ ಗಿರಣಿಯ ಹಾಸ್ಟೆಲ್ಲಿಗೆ ಕಳಿಸಿಬಿಡುತ್ತಾರೆ, ಅಲ್ಲಿಗೆ ಆ ಮಾತು ಮುಗಿಯಿತು.

ಆ ವರ್ಷ ಸೋಡಾ ಹಾಲೇಶಪ್ಪ ಮತ್ತು ಅವನ ಹೆಂಡತಿ ಈರಮ್ಮ ಮಕ್ಕಳ ಮನೆಗೆ ಬಂದರು. ಬಸ್ ನಿಲ್ದಾಣದ ಎದುರು ಅವರದು ಗೋಲಿ ಸೋಡಾದ ಅಂಗಡಿ, ಹಿಂದೆಯೇ ಮನೆ. ಮಕ್ಕಳಿರಲಿಲ್ಲ. ಅವರೂ ಕೇಳಲು ಬಂದಿದ್ದು ಹಸುಗೂಸನ್ನೇ. ನಾನು ತೊಟ್ಟಿಲುಗಳ ಕೋಣೆಗೆ ಕರೆದುಕೊಂಡು ಹೋಗುವಾಗ ಈರಮ್ಮ ಕಿಟಕಿಯ ಹತ್ತಿರ ನಿಂತುಬಿಟ್ಟಳು. ಅಂಗಳದಲ್ಲಿ ಅಂಬುಜ ಸಂಡಿಗೆ ಕಾಯುತ್ತಿದ್ದಳು. ಒಂದು ಕಾಗೆ ಸಂಡಿಗೆ ಕಚ್ಚಿಕೊಂಡು ಮಾಡಿನ ಮೇಲೆ ಕೂತಿತ್ತು. ಹುಡುಗಿ ಅದನ್ನು ಓಡಿಸುವ ಬದಲು ಸೊಂಟದ ಮೇಲೆ ಕೈಯಿಟ್ಟು, "ಹಸೀದು ಕಣೋ ಅದು, ಹೊಟ್ಟೆ ನೋವು ಬರುತ್ತೆ, ಆಮೇಲೆ ನನ್ನ ಕೇಳ್ಬೇಡ" ಎಂದು ಬೈಯುತ್ತಿದ್ದಳು. ಮನುಷ್ಯರೊಡನೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಆ ಹುಡುಗಿ ಯಾರು ಮೇಡಂ?" ಎಂದಳು ಈರಮ್ಮ.

"ಅಂಬುಜ ಅಂತ. ಎರಡು ಮನೆಯಿಂದ ವಾಪಸ್ ಬಂದಿದಾಳೆ," ಎಂದೆ. ಮುಚ್ಚಿಡುವುದು ನನಗೆ ಸರಿ ಕಾಣಲಿಲ್ಲ.

"ವಾಪಸ್ ಬರೋಕೆ ದಾರಿ ಗೊತ್ತಲ್ಲ, ಜಾಣೆನೇ ಬಿಡಿ," ಎಂದಳು ಈರಮ್ಮ.

ಹಾಲೇಶಪ್ಪ ಗಾಬರಿಯಾದ. "ಲೇ, ಕೂಸು ನೋಡೋಕೆ ಬಂದಿದ್ದಲ್ವಾ ನಾವು?"

"ಕೂಸಿಗೆ ನನ್ನ ತಮಾಷೆ ಅರ್ಥ ಆಗಬೇಕಾದ್ರೆ ಇನ್ನೂ ಹತ್ತು ವರ್ಷ ಬೇಕು. ನಿಮಗೆ ಇಪ್ಪತ್ತು ವರ್ಷದಿಂದ ಹೇಳ್ತಿದೀನಿ, ಇನ್ನೂ ಆಗಿಲ್ಲ. ಇವಳಿಗೆ ನಾಳೆನೇ ಆಗುತ್ತೆ."

ಹೀಗೆ ಅಂಬುಜ ಮೂರನೆಯ ಮನೆಗೆ ಹೋದಳು. ಹೋಗುವಾಗ ದಾರಿಯಲ್ಲಿ ನನ್ನ ಹತ್ತಿರ ಒಂದೇ ಮಾತಾಡಿದಳು: "ಅಕ್ಕ, ಸುಣ್ಣದ ದಿನ ಬೆಳಗ್ಗೆ ಬೇಗ ಬನ್ನಿ. ಅಡುಗೆ ಆದ್ಮೇಲೆ ಬಂದ್ರೆ ಊಟ ಮಾಡ್ಕೊಂಡ್ ಹೋಗಿ ಅಂತಾರೆ. ಹಾಗೆ ಊಟ ಮಾಡೋಕೆ ಆಗಲ್ಲ."

ಮೊದಲ ಸಲ ನೋಡಲು ಹೋದಾಗ ಅವಳ ಚೀಲ ಬಾಗಿಲ ಪಕ್ಕದಲ್ಲಿತ್ತು, ಗಂಟು ಬಿಚ್ಚಿರಲಿಲ್ಲ. ಬಟ್ಟೆ ಬೇಕಾದಾಗ ಚೀಲದ ಬಾಯಿಯಷ್ಟೇ ಸಡಿಲಿಸಿ ಎಳೆದುಕೊಂಡು ಮತ್ತೆ ಬಿಗಿಯುತ್ತಿದ್ದಳಂತೆ. ನಡುಮನೆಯಲ್ಲಿ ಎರಡು ತೆರೆಗಳಿದ್ದವು. ಒಂದು ಹಾಲೇಶಪ್ಪನ ಹಳೆಯ ಪಂಚೆಯ ತುಂಡು, ಇನ್ನೊಂದು ಈರಮ್ಮನ ಹಸಿರು ಖಣ. ಅವಳು ಆ ಗೋಡೆಯಿಂದ ಮಾರು ದೂರದಲ್ಲಿ, ನೆಲದ ನಟ್ಟನಡುವೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

"ನೋಡಿ ಮೇಡಂ," ಎಂದಳು ಈರಮ್ಮ. "ಒಂದು ತಿಂಗಳಿಂದ ಗೋಡೆಗೆ ಒರಗಿಲ್ಲ ಇವಳು. ಏನೇ, ಕಚ್ಚುತ್ತಾ ಅದು?"

"ಬೇಡ, ಹೀಗೇ ಸರಿಯಿದೆ."

"ಬೆನ್ನು ನೋಯಲ್ವಾ?"

"ಇಲ್ಲ."

"ನಂಗೆ ನೋಯುತ್ತೆ ನಿನ್ನ ನೋಡಿ," ಎನ್ನುತ್ತಾ ಈರಮ್ಮ ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತು ಅವರೆಕಾಯಿ ಬಿಡಿಸತೊಡಗಿದಳು. ಹುಡುಗಿ ಅಲುಗಾಡಲಿಲ್ಲ. ಎದ್ದರೆ ಈರಮ್ಮ ಬೀಳುತ್ತಾಳಲ್ಲ! ಇಬ್ಬರೂ ಹಾಗೇ ಕೂತಿದ್ದರು.

ಹಾಲೇಶಪ್ಪ ಗೋಡೆಯನ್ನೇ ಓಲೈಸಲು ಹೊರಟಿದ್ದ. ಸೋಮವಾರ ಅರಿಶಿನ ಕುಂಕುಮ ಹಚ್ಚಿದ, ಶುಕ್ರವಾರ ಊದುಬತ್ತಿ. ಒಂದು ದಿನ ನಾನು ಹೋದಾಗ ಗೋಡೆಯ ಬುಡದಲ್ಲಿ ಒಂದು ಲೋಟ ಸೋಡಾ ಇತ್ತು. "ನಿಂಬೆಹಣ್ಣು, ಉಪ್ಪು ಹಾಕಿದೀನಿ ಮೇಡಂ. ಬರೀ ಸೋಡಾ ಯಾರಿಗೆ ಇಷ್ಟ ಆಗುತ್ತೆ?" ಎಂದ, ಗುಟ್ಟು ಹೇಳುವವನ ಹಾಗೆ. ಅಂಗಡಿಗೆ ಬಂದವರೆಲ್ಲ ಸೋಡಾ ಜೊತೆಗೆ ಅದನ್ನೂ ಕೇಳುತ್ತಿದ್ದರು. "ಏನ್ ಹಾಲೇಶಪ್ಪ, ಗೋಡೆ ಬಾಯಿ ಬಿಡ್ತಾ?" ಎಂದು ಕಂಡಕ್ಟರ್ ಕೂಗಿದರೆ, "ನಿಮ್ಮ ಬಸ್ಸೇ ಟೈಮಿಗೆ ಬರಲ್ಲ, ನಮ್ಮ ಗೋಡೆನ ಕೇಳ್ತೀರಾ?" ಎಂದು ಇವನು ಗೋಲಿ ಒತ್ತುತ್ತಿದ್ದ. ನಗುತ್ತಲೇ ಹೇಳುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ನಗುವುದು ಕಡಿಮೆಯಾಯಿತು.

ಅಂಬುಜ ಮಾತ್ರ ಬದಲಾಗುತ್ತಿದ್ದಳು. ಅದನ್ನು ಹೀಗೆ ಎಂದು ತೋರಿಸಲಾಗದಷ್ಟು ನಿಧಾನವಾಗಿ. ಒಂದು ಸಲ ಹೋದಾಗ ಬಾಟಲಿ ತೊಳೆಯುತ್ತಾ ಏನೋ ಗುನುಗುತ್ತಿದ್ದಳು, ನನ್ನನ್ನು ಕಂಡು ನಿಲ್ಲಿಸಿದಳು. ಇನ್ನೊಂದು ಸಲ ಹಾಲೇಶಪ್ಪ ಲೆಕ್ಕ ತಪ್ಪಿದ್ದಕ್ಕೆ ತುಟಿ ಕಚ್ಚಿ ನಗು ತಡೆದಳು. ಆದರೆ ಬಾಗಿಲ ಪಕ್ಕದ ಚೀಲದ ಗಂಟು ಹಾಗೇ ಇತ್ತು. ನಾನು ಹೊರಡುವಾಗ ಅವಳು ಬೀದಿಯ ತಿರುವಿನವರೆಗೆ ಬಂದು, "ಅಕ್ಕ, ನಾನು ಏನೂ ಕೆರೆದಿಲ್ಲ. ಆಣೆಗೂ," ಎಂದಳು. ಅವಳ ತಲೆ ಮುಟ್ಟಿ ಬಂದೆ.

ಸುಣ್ಣದ ದಿನ ಬಂತು. ಆ ದಿನ ಊರು ಬೆಳಗ್ಗೆಯೇ ಬೆಳ್ಳಗಾಗುತ್ತದೆ. ನಾಯಿಗಳ ಬೆನ್ನ ಮೇಲೂ ಸುಣ್ಣದ ಹನಿಗಳಿರುತ್ತವೆ. ಮನೆಯ ಗೋಡೆಗೆ ಯಾರು ಬೇಕಾದರೂ ಬಳಿಯಬಹುದು, ಗೂಡಿನ ಒಳಗೆ ಮಾತ್ರ ಅವರವರ ಕೈಯಿಂದಲೇ ಬಳಿಯಬೇಕು. ಎಲ್ಲರೂ ಒಂದೊಂದು ಚಿಪ್ಪಿನಲ್ಲಿ ಸುಣ್ಣ ಹಿಡಿದು ತಮ್ಮ ತಮ್ಮ ತೆರೆಯ ಹಿಂದೆ ಕೈ ಹಾಕಿ ನಿಂತಿರುವಾಗ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಗೂಡಿಲ್ಲದ ಮಗು ಆ ಹೊತ್ತಿನಲ್ಲಿ ಅಂಗಳಕ್ಕೆ ಹೋಗುತ್ತದೆ.

ನಾನು ಅವಳು ಹೇಳಿದ್ದಂತೆ ಬೇಗನೇ ಹೋದೆ. ಅಂಬುಜ ಅಂಗಳದಲ್ಲಿ ಎಣ್ಣೆ ಹಚ್ಚಿ ಬಾಚಿದ ತಲೆ, ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಚೀಲದೊಡನೆ ನಿಂತಿದ್ದಳು. ಚಾಪೆ ಸುತ್ತಿ ಗೋಡೆಗೆ ತಾಗದ ಹಾಗೆ ನಿಲ್ಲಿಸಿದ್ದಳು. ಹಾಲೇಶಪ್ಪ ಸುಣ್ಣದ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಲಸಿದ್ದನ್ನೇ ಕಲಸುತ್ತಿದ್ದ. ಈರಮ್ಮ ಒಳಗೆ ಹಸಿರು ತೆರೆಯ ಹಿಂದೆ ಕೈ ಹಾಕಿ ನಿಂತಿದ್ದಳು. ನನ್ನ ಹಿಂದೆಯೇ ಮರುಳಯ್ಯನವರು ಬಂದರು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ನಡುಮನೆಗೆ ಹೋಗಿ ಗೋಡೆಯ ಮೂಲೆಯಿಂದ ಸವರಲು ಶುರು ಮಾಡಿದರು. ಮುದುಕರ ಅಂಗೈ ಒಣಗಿದ ಎಲೆಯಂತೆ ಸದ್ದು ಮಾಡುತ್ತಿತ್ತು. ಹಾಲೇಶಪ್ಪನ ತೆರೆಯನ್ನು ಬಳಸಿಕೊಂಡು ಮುಂದೆ ಹೋದರು, ಈರಮ್ಮನ ತೆರೆಯನ್ನು ಬಳಸಿಕೊಂಡು ಮುಂದೆ ಹೋದರು. ಬಗ್ಗಿ ಬುಡ ನೋಡಿದರು. ಸ್ಟೂಲು ಹತ್ತಿ ಮಾಡಿನ ಹತ್ತಿರ ನೋಡಿದರು. ಕಿಟಕಿಯ ಪಕ್ಕ ಬಂದಾಗ ಅವರ ಕೈ ಸ್ವಲ್ಪ ತಡೆಯಿತು. ಹಾಲೇಶಪ್ಪ ಎದ್ದು ನಿಂತ. ಅದು ಹಳೆಯ ಗಾರೆಯ ಉಬ್ಬು ಅಷ್ಟೆ.

"ಇಲ್ಲ," ಎಂದರು ಮರುಳಯ್ಯ.

ಅಂಬುಜ ಹೊಸ್ತಿಲ ಹೊರಗಿನಿಂದಲೇ, "ಹೋಗೋಣ ಅಕ್ಕ," ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಬಸ್ ಬಂದಾಗ ಹೇಳುವ ಹಾಗೆ ಹೇಳಿದಳು. ನಾನು ಅವಳ ಚೀಲಕ್ಕೆ ಕೈ ಚಾಚಿದೆ. ಅದು ನನ್ನ ಕೆಲಸ.

"ನಿಲ್ಲಿ ತಾತ," ಎಂದಳು ಈರಮ್ಮ. "ಇದೊಂದು ಬಿಟ್ರಲ್ಲ. ಇದನ್ನೂ ಸವರಿ."

ಅವಳು ಹಸಿರು ತೆರೆಯ ದಾರವನ್ನು ಹಿಡಿದು ಎಳೆದಳು. ಖಣ ಜಾರಿ ನೆಲಕ್ಕೆ ಬಿತ್ತು. ಅದರ ಹಿಂದೆ ಗೋಡೆ ಇತ್ತು. ಬರೀ ಗೋಡೆ. ಅಂಗೈಯಗಲದ ಜಾಗದಲ್ಲಿ ಸುಣ್ಣ ಇನ್ನೂ ಹಸಿಯಾಗಿತ್ತು. ಅದರಡಿ ಕಳೆದ ವರ್ಷದ್ದು, ಅದರಡಿ ಅದರ ಹಿಂದಿನ ವರ್ಷದ್ದು. ಬಳಿದು ಬಳಿದು ಅಷ್ಟು ಜಾಗ ಮಾತ್ರ ಉಳಿದ ಗೋಡೆಗಿಂತ ದಪ್ಪವಾಗಿ, ಒಳಕ್ಕೆ ಹೋಗುವ ಬದಲು ಹೊರಕ್ಕೆ ಉಬ್ಬಿಕೊಂಡಿತ್ತು.

ಮರುಳಯ್ಯನವರು ಮುಟ್ಟಲು ಕೈಯೆತ್ತಿ, ಹಾಗೇ ಇಳಿಸಿದರು.

"ಇಪ್ಪತ್ತು ವರ್ಷ ಆಯ್ತು ತಾತ ಈ ಮನೆಗೆ ಬಂದು," ಎಂದಳು ಈರಮ್ಮ. "ನಾನು ಹೊಸ್ತಿಲು ದಾಟಿದ ದಿನವೇ ತವರಲ್ಲಿ ನಂದು ಮುಚ್ಚೋಯ್ತು. ಇಲ್ಲಿ ಇವತ್ತಲ್ಲ ನಾಳೆ ಗೂಡು ಬೀಳುತ್ತೆ ಅಂತ ತೆರೆ ಕಟ್ಟಿದೆ. ನನ್ನನ್ನ ಯಾರೂ ವಾಪಸ್ ಕಳಿಸ್ಲಿಲ್ಲವಲ್ಲ! ಯಾಕಂದ್ರೆ ಯಾರೂ ನೋಡ್ಲಿಲ್ಲ. ಇವಳದ್ದು ಮಾತ್ರ ನೋಡ್ತೀರಾ? ಇವಳನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿ. ಎಲ್ಲಿಗೆ ಅಂತ ಮಾತ್ರ ಹೇಳಿಬಿಡಿ, ಚೀಲ ಕಟ್ಕೋತೀನಿ."

ಹಾಲೇಶಪ್ಪನ ಕೈಯಿಂದ ಸುಣ್ಣ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ನಿನ್ನ ಸಾಮಾನೆಲ್ಲ ಎಲ್ಲಿಟ್ಟಿದ್ದೆ ಇಷ್ಟು ವರ್ಷ?" ಎಂದ. ಆ ಹೊತ್ತಿನಲ್ಲಿ ಅವನಿಗೆ ಹೊಳೆದದ್ದು ಅದೊಂದೇ.

"ಹುಣಸೆಹಣ್ಣಿನ ಮಡಕೆಯಲ್ಲಿ."

"ನಾನೇನು ಕಮ್ಮಿ ಮಾಡಿದ್ದೆ ನಿಂಗೆ?"

"ಅಯ್ಯೋ, ನಿಮ್ಮ ವಿಷಯ ಅಲ್ಲಾರೀ ಇದು, ಗೋಡೆ ವಿಷಯ." ಈರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀವು ಚೆನ್ನಾಗೇ ನೋಡ್ಕೊಂಡ್ರಿ. ಅದಕ್ಕೇ ಹೇಳಲಿಲ್ಲ. ಹೇಳಿದ್ರೆ ನಂಗೂ ಒಂದು ಲೋಟ ಸೋಡಾ ಇಟ್ಟು ಪೂಜೆ ಮಾಡ್ತಿದ್ರಿ."

ಹಾಲೇಶಪ್ಪ ನಗಲು ಹೋಗಿ ಅತ್ತುಬಿಟ್ಟ. ಮರುಳಯ್ಯನವರು ಹೊರಗೆ ಬಂದು ಜಗಲಿಯ ಮೇಲೆ ಕೂತರು. "ಒಂದು ಸೋಡಾ ಕೊಡಪ್ಪ," ಎಂದರು. ಹಾಲೇಶಪ್ಪ ಸುಣ್ಣದ ಕೈಯಲ್ಲೇ ಗೋಲಿ ಒತ್ತಿ ತಂದುಕೊಟ್ಟ. ಅವರು ಬಾಟಲಿ ಮುಗಿಯುವವರೆಗೂ ಬೀದಿ ನೋಡುತ್ತಾ ಕುಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಗೋಡೆ ಸವರೋದು ನಂಗೆ ನಮ್ಮಪ್ಪ ಹೇಳ್ಕೊಟ್ಟ. ಇದ್ರೆ ಇದೆ ಅನ್ನು, ಇಲ್ದಿದ್ರೆ ಇಲ್ಲ ಅನ್ನು ಅಂದ. ಕರ್ಕೊಂಡು ಹೋಗು ಅಂತ ನಾನು ಯಾವತ್ತಾದ್ರೂ ಅಂದಿದೀನಾ ತಾಯಿ?"

"ಇಲ್ಲ," ಎಂದೆ.

"ಚೀಲ ಎತ್ತೋಳು ನೀನು," ಎಂದರು. ಚಪ್ಪಲಿ ಮೆಟ್ಟಿಕೊಂಡು ಮುಂದಿನ ಮನೆಗೆ ಹೊರಟುಹೋದರು.

ನನ್ನ ಕೈ ಇನ್ನೂ ಆ ಚೀಲದ ಮೇಲೇ ಇತ್ತು. ಚೀಲದ ಇನ್ನೊಂದು ಕಿವಿ ಅಂಬುಜಳ ಕೈಯಲ್ಲಿತ್ತು. ಎಷ್ಟೋ ಮಕ್ಕಳ ಚೀಲ ಎತ್ತಿದ್ದೇನೆ. ಒಂದೇ ಒಂದು ಸಲವೂ, ಹೋಗುವಾಗಲಾಗಲಿ ಬರುವಾಗಲಾಗಲಿ, ಯಾವ ಮಗುವನ್ನೂ ಒಂದು ಮಾತು ಕೇಳಿರಲಿಲ್ಲ ಎನ್ನುವುದು ಆಗ ಹೊಳೆಯಿತು. ಗೋಡೆಯನ್ನು ಕೇಳಿದ್ದೆವು, ಮನೆಯವರನ್ನು ಕೇಳಿದ್ದೆವು.

"ನಿಂಗೆ ಏನು ಬೇಕು ಅಂಬುಜ?"

ಅವಳು ನನ್ನ ಮುಖ ನೋಡಲಿಲ್ಲ. ಬೇಡ, ಸಾಕು, ಆಯ್ತು. ಮೂರರಲ್ಲಿ ಯಾವುದು ಬರುತ್ತದೋ ಎಂದು ಕಾದೆ. ಬೀದಿಯಲ್ಲಿ ಯಾರದೋ ಬಕೆಟ್ಟಿನ ಸದ್ದು, ಬಸ್ಸಿನ ಹಾರನ್ನು. ಈರಮ್ಮ ಬಾಗಿಲಿನಲ್ಲಿ ನಿಂತಿದ್ದಳು. ಅವಳಿಗೂ ಆಗ ತಮಾಷೆ ಹೊಳೆಯಲಿಲ್ಲ. ಅಂಬುಜ ಒಳಗಿನ ಗೋಡೆಯ ಕಡೆ ನೋಡಿದಳು.

"ಆ ಗೋಡೆಗೆ ಸುಣ್ಣ ನಾನು ಬಳೀಲಾ?" ಎಂದಳು.

"ಯಾವುದಕ್ಕೆ?" ಎಂದಳು ಈರಮ್ಮ.

"ನಿಮ್ಮದಕ್ಕೆ. ಅದು ಉಬ್ಬಿದೆ. ಕೆರೆದು ಸಮ ಮಾಡಿ ಬಳೀಬೇಕು." ಸ್ವಲ್ಪ ತಡೆದು, "ನಂಗೆ ಕೆರೆಯೋದು ಗೊತ್ತು," ಎಂದಳು.

ನಾನು ಚೀಲ ಬಿಟ್ಟೆ. ಅವಳೂ ಬಿಟ್ಟಳು. ಅದು ಹೊಸ್ತಿಲ ಮೇಲೆ ಬಿತ್ತು. ಈರಮ್ಮ ಅಡುಗೆಮನೆಗೆ ಹೋಗಿ ಒಂದು ಚಮಚ ತಂದು ಕೊಟ್ಟಳು. ಹುಡುಗಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಇಪ್ಪತ್ತು ವರ್ಷದ ಸುಣ್ಣ ಹಾಳೆ ಹಾಳೆಯಾಗಿ ಎದ್ದು ಬರುತ್ತಿತ್ತು. ಈರಮ್ಮ ಕೆಳಗೆ ಸೆರಗೊಡ್ಡಿ ನಿಂತಿದ್ದಳು. ಅವತ್ತು ನಾನು ಆ ಮನೆಯಲ್ಲಿ ಊಟ ಮಾಡಿಕೊಂಡೇ ಬಂದೆ. ಪಲ್ಯದಲ್ಲಿ ಸುಣ್ಣದ ಪುಡಿ ಬಿದ್ದಿತ್ತು. ಎಲ್ಲರೂ ಎರಡನೇ ಸಲ ಬಡಿಸಿಕೊಂಡೆವು.

ಇಂಥ ಮಾತು ನಮ್ಮೂರಿನಲ್ಲಿ ಬಾವಿಕಟ್ಟೆಗೆ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಮಕ್ಕಳ ಮನೆಯ ಕಮಿಟಿಯವರು ನನ್ನನ್ನು ಅಧ್ಯಕ್ಷರ ಮನೆಗೆ ಕರೆಸಿ ಕೇಳಿದರು. "ಗೂಡಿಲ್ಲದೆ ಬಿಟ್ಟು ಬಂದೆಯಂತೆ?" ಎಂದರು. "ಹೌದು," ಎಂದೆ. "ನಾಳೆ ಎಲ್ಲರೂ ಹೀಗೇ ಮಾಡಿದರೆ?" ಎಂದರು. "ಮಾಡಲಿ," ಎಂದೆ. ಇನ್ನೂ ಏನೇನೋ ಹೇಳಬೇಕೆಂದು ಯೋಚಿಸಿಕೊಂಡು ಹೋಗಿದ್ದೆ. ಅಷ್ಟರಲ್ಲಿ ಕಮಿಟಿಯ ಅಧ್ಯಕ್ಷರ ಹೆಂಡತಿ ಕಾಫಿ ತಂದಿಟ್ಟರು. ಲೋಟ ಇಡುತ್ತಾ, ಯಾರನ್ನೂ ನೋಡದೆ, "ನಮ್ಮನೇಲಿ ನನ್ನ ಗೂಡು ಬಿದ್ದಿದ್ದು ಅತ್ತೆ ಹೋದ್ಮೇಲೆ. ಒಂಬತ್ತು ವರ್ಷಕ್ಕೆ," ಎಂದು ಹೇಳಿ ಒಳಗೆ ಹೋದರು. ಅಧ್ಯಕ್ಷರು ಕಾಫಿ ಆರುವವರೆಗೂ ಅದನ್ನು ಮುಟ್ಟಲಿಲ್ಲ. ಆಮೇಲೆ ಆ ವಿಷಯಕ್ಕೆ ನನ್ನನ್ನು ಮತ್ತೆ ಕರೆಸಲಿಲ್ಲ.

ಆ ಯುಗಾದಿಯಂದು ಎಷ್ಟು ಮನೆಗಳಲ್ಲಿ ತೆರೆ ಬಿತ್ತೋ ನನಗೆ ಗೊತ್ತಿಲ್ಲ. ನೂಲಿನ ಬೀದಿಯಲ್ಲಿ ಮೂವರು ಸೊಸೆಯಂದಿರು ಒಂದೇ ದಿನ ದಾರ ಎಳೆದರಂತೆ. ಒಬ್ಬಳದು ಇತ್ತಂತೆ, ಇಬ್ಬರದು ಇರಲಿಲ್ಲವಂತೆ, ಮೂವರೂ ಕೂತು ನಕ್ಕರಂತೆ. ಹುಟ್ಟಿದ ಮನೆಯಲ್ಲೇ ಇವತ್ತಿಗೂ ಇರುವ ಒಬ್ಬ ಮೇಷ್ಟರು, ತಮ್ಮ ಗೂಡು ತಮಗೆ ಹನ್ನೆರಡಾದಾಗಲೇ ಮುಚ್ಚಿತ್ತೆಂದು ಮಗನ ಹತ್ತಿರ ಹೇಳಿಕೊಂಡರಂತೆ. ನಮ್ಮ ಮನೆಯಲ್ಲಿ ಅಮ್ಮನ ತೆರೆ ಹಾಗೇ ಇದೆ. ಅದರ ಮುಂದೆ ಹಾದುಹೋಗುವಾಗ ಈಗ ನನ್ನ ಹೆಜ್ಜೆ ನಿಧಾನವಾಗುತ್ತದೆ. ಅದನ್ನು ಎಳೆಯುವುದು, ಬಿಡುವುದು ಅವಳಿಗೆ ಸೇರಿದ್ದು.

ಮರುಳಯ್ಯನವರು ಈಗಲೂ ಗೋಡೆ ಸವರುತ್ತಾರೆ. ಇದೆ ಎನ್ನುತ್ತಾರೆ, ಇಲ್ಲ ಎನ್ನುತ್ತಾರೆ. ಆಮೇಲೆ ನಾನು ಮಗುವನ್ನೂ ಮನೆಯವರನ್ನೂ ಕೂರಿಸಿಕೊಂಡು ಕೇಳುತ್ತೇನೆ. ಕೆಲವು ಸಲ ಗೂಡು ಇದ್ದೂ ಮಗು ಬೇಡ ಎನ್ನುತ್ತದೆ. ಅಂಥ ಮಗುವನ್ನು ಕರೆದುಕೊಂಡು ಬಂದಿದ್ದೇನೆ. ಹೆಚ್ಚಿನ ಸಲ ಕೇಳಿದ ಕೂಡಲೇ ಉತ್ತರ ಬರುವುದಿಲ್ಲ. ಕಾಯುತ್ತೇನೆ. ಅಷ್ಟು ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಹದಿಮೂರರ, ಹದಿನಾಲ್ಕರ ಮಕ್ಕಳನ್ನು ಕೇಳಿಕೊಂಡು ಬರುವವರು ಈಗ ಒಬ್ಬೊಬ್ಬರಾಗಿ ಸಿಗುತ್ತಿದ್ದಾರೆ. ಮಕ್ಕಳ ಮನೆ ಖಾಲಿಯಾಗಿಲ್ಲ. ಆದರೆ ದೊಡ್ಡ ಮಕ್ಕಳ ಕೋಣೆಯಲ್ಲಿ ಚಾಪೆಗಳ ನಡುವೆ ನಡೆದಾಡುವಷ್ಟು ಜಾಗವಾಗಿದೆ.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಹಾಲೇಶಪ್ಪನ ಮನೆಗೆ ಹೋದೆ. ನೋಡಲೇಬೇಕೆಂಬ ನಿಯಮ ಈಗಿರಲಿಲ್ಲ, ಸುಮ್ಮನೆ ಹೋದೆ. ಹಾಲೇಶಪ್ಪ ಜಗಲಿಯ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಒಳಗಿನಿಂದ ಕೂಗಾಟ ಕೇಳುತ್ತಿತ್ತು. ನಾನು ಹೊಸ್ತಿಲ ಕಡೆ ಹೆಜ್ಜೆ ಇಟ್ಟದ್ದೇ ತಡ, ಅವನು ಕೈ ಅಡ್ಡ ಹಿಡಿದ.

"ಹೋಗ್ಬೇಡಿ ಮೇಡಂ. ಬೆಳಗ್ಗೆಯಿಂದ ನಡೀತಿದೆ. ನಾನು ಎರಡು ಸಲ ಹೋಗಿ ಎರಡು ಸಲ ವಾಪಸ್ ಬಂದೆ."

"ಏನಾಯ್ತು?"

"ಕಿಟಕಿ ಪಕ್ಕ ಯಾರು ಮಲಗಬೇಕು ಅಂತ."

ಬಾಗಿಲ ಸಂದಿಯಿಂದ ನೋಡಿದೆ. ಹಾಲೇಶಪ್ಪನ ತೆರೆಯೊಂದನ್ನು ಬಿಟ್ಟರೆ ನಡುಮನೆಯ ಗೋಡೆ ಬೆಳ್ಳಗೆ, ಸಮವಾಗಿ, ಎಲ್ಲಿಯೂ ಒಂದು ಕುಳಿಯಿಲ್ಲದೆ ಇತ್ತು. ಅದಕ್ಕೆ ಬೆನ್ನು, ತಲೆ, ಒಂದು ಪಾದವನ್ನೂ ಒತ್ತಿಕೊಂಡು ಅಂಬುಜ ನಿಂತಿದ್ದಳು. ಮುಖ ಕೆಂಪಾಗಿತ್ತು. ಜಡೆ ಅರ್ಧ ಬಿಚ್ಚಿತ್ತು.

"ನಿನ್ನೆನೂ ನೀವೇ, ಮೊನ್ನೆನೂ ನೀವೇ! ಹಾಗಾದ್ರೆ ಈ ಮನೇಲಿ ನಂಗೆ ಅಂತ ಒಂದು ಜಾಗನೇ ಇಲ್ವಾ?"

"ಇಲ್ಲ ಕಣೆ!" ಈರಮ್ಮನ ದನಿ ಅದಕ್ಕಿಂತ ಜೋರಾಗಿತ್ತು. "ನಿಂಗೂ ಇಲ್ಲ, ನಂಗೂ ಇಲ್ಲ. ಸರಿ ಅತ್ಲಾಗೆ, ಕಾಲು ಚಾಚಬೇಕು ನಾನು."

ಅಂಬುಜ, "ಥೂ," ಎಂದು ಸರಿದಳು. ಹೆಚ್ಚೇನೂ ಸರಿಯಲಿಲ್ಲ.